ಎರವಲು ಕೋಟು

"ಹೆಣ ಮಣ್ಣಿಗೆ ಹೋಯ್ತಲ್ಲ? ಇನ್ಯಾಕೆ ಬಾಗಿಲಲ್ಲಿ ನಿಂತಿದೀಯ, ಮುಂಡೆ? ಇಸ್ತ್ರಿ ಪೆಟ್ಟಿಗೆ ತಾನಾಗೇ ಕಾಯುತ್ತಾ?"

ಲಾಂಡ್ರಿಯ ಯಜಮಾನ ಇದನ್ನು ಕೂಗಿ ಹೇಳಲಿಲ್ಲ. ಹಲ್ಲಿಗೆ ಕಡ್ಡಿ ಹಾಕಿ ಕೆದಕಿಕೊಳ್ಳುತ್ತಾ, ಮೋಡದ ಬಗ್ಗೆ ಮಾತಾಡುವವನ ಹಾಗೆ ಹೇಳಿದ. ಆ ಮಾತು ಅಲ್ಲಿ ಹೊಸದೂ ಅಲ್ಲ. ನೀರು ಬಾರದ ನಲ್ಲಿಯನ್ನೂ ಅವನು ಹಾಗೆಯೇ ಕರೆಯುತ್ತಿದ್ದ. ಈವತ್ತು ಮಾತ್ರ ಅದು ಬೈಗುಳವಾಗಿದ್ದ ಹಾಗೆ ನಿಜವೂ ಆಗಿತ್ತು.

ಅವಳು ಒಳಗೆ ಬಂದಳು. ನಿನ್ನೆ ಗಂಡನನ್ನು ಹೂತು ಬಂದಿದ್ದಳು. ಬಾಯ್ಲರು ಎಂದಿನಂತೆ ಗೊರಗುಟ್ಟುತ್ತಿತ್ತು. ಅದರ ಮುಂದೆ ಅವನ ಜಾಗದಲ್ಲಿ ಬೇರೆ ಯಾರೋ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಒಂದು ಮೂಲೆಯಲ್ಲಿ, ಹೋಟೆಲಿನ ಮೇಜುಬಟ್ಟೆಗಳು ಇನ್ನೊಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ತೊಟ್ಟಿಗಳ ಹತ್ತಿರ ಅವಳ ಅತ್ತೆ ಬೆಳಕು ಹರಿಯುವ ಮೊದಲೇ ಬಂದು ನಿಂತಿದ್ದಳು. ಬ್ಲೀಚಿನ ನೀರಲ್ಲಿ ನೆಂದು ನೆಂದು ಆ ಮುದುಕಿಯ ಕೈಗಳು ಮೊಣಕೈವರೆಗೆ ಬೇರೆ ಯಾರದೋ ಕೈಗಳಂತೆ ಬೆಳ್ಳಗಿದ್ದವು.

ಇಸ್ತ್ರಿಯ ಮೇಜಿನ ಮೇಲೆ ಒಂದು ಕೋಟು ಕಾದಿತ್ತು. ಬೂದಿ ಬಣ್ಣ, ಮೇಲೆ ತೆಳುವಾದ ಕೆಂಪು ಗೆರೆ. ಎದೆಯ ಎಡಭಾಗ ಮಾತ್ರ ಗಟ್ಟಿಯಾಗಿ, ರೊಟ್ಟಿಯ ಸುಟ್ಟ ತುದಿಯ ಹಾಗೆ ಕಂದಾಗಿತ್ತು.

"ಇದು ವಕೀಲರದ್ದು," ಅಂದ ಯಜಮಾನ. "ನಾಳೆ ಭಾನುವಾರ ಚರ್ಚಿನಲ್ಲಿ ವೇದಪಾಠ ಓದೋದು ಅವರೇ. ಈ ಕೋಟೇ ಬೇಕಂತೆ, ಮಾವ ಕೊಟ್ಟಿದ್ದಂತೆ. ಕಲೆ ಹೋಗ್ಬೇಕು. ಒಂದು ಚುಕ್ಕೆ ಉಳೀತೋ, ನೀನೂ ನಿನ್ನತ್ತೆನೂ ಹಿತ್ತಲ ಕೋಣೆ ಖಾಲಿ ಮಾಡಿ ಬೀದಿಗೆ."

"ಇದು ಕಲೆ ಅಲ್ಲ ಯಜಮಾನ್ರೇ."

"ಮತ್ತೇನೇ?"

"ರಕ್ತ. ನಮ್ಮನೆಯವರದ್ದು."

"ಯಾರದ್ದಾದ್ರೇನು, ಸೋಪಿಗೆ ಗೊತ್ತಾಗುತ್ತಾ?" ಅಂದು ಅವನು ಕಡ್ಡಿಯನ್ನು ನೆಲಕ್ಕೆ ಉಗುಳಿ ಹೋದ.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಕೊಡಿಲ್ಲಿ. ಉಪ್ಪು ಹಾಕಿ ತಣ್ಣೀರಲ್ಲಿ ನೆನೆಸ್ತೀನಿ. ಸಂಜೆಗೆಲ್ಲ ಬಿಟ್ಕೊಳ್ಳುತ್ತೆ."

"ಬೇಡ ಅತ್ತೆ."

"ಬೇಡ ಅಂದ್ರೆ? ತಲೆ ಮೇಲೆ ಸೂರು ಬೇಡ್ವೇನೇ? ಹೆತ್ತವಳು ನಾನು ತೊಳೀತೀನಿ ಅಂತಿದೀನಿ. ನಿನಗೇನೇ ಕೊಬ್ಬು?"

"ನಾನೇ ನೋಡ್ಕೋತೀನಿ," ಅಂದಳು ಸೊಸೆ. ಕೋಟನ್ನು ಎತ್ತಿ ತನ್ನ ಹಿಂದಿನ ಮೊಳೆಗೆ ನೇತುಹಾಕಿದಳು. ದಿನವಿಡೀ ಬೆನ್ನಿಗೆ ಅದು ಇತ್ತು. ದಿನವಿಡೀ ತಿರುಗಿ ನೋಡದೆ ಇಸ್ತ್ರಿ ಮಾಡಿದಳು.

ಅಗಸನ ಬಡಿವಾರವೆಲ್ಲ ಪರರ ಬಟ್ಟೆ ಮೇಲೆ ಅಂತ ಗಾದೆಯೇ ಇದೆ. ಆ ಲಾಂಡ್ರಿಯಲ್ಲಿ ಅದು ಗಾದೆಯಲ್ಲ, ಬದುಕು. ಮೈಗೆ ಹೊಂದುವ ಬಟ್ಟೆ ಬಂದರೆ ಒಂದು ಹೊತ್ತು ಹಾಕಿಕೊಳ್ಳುವುದು, ಮತ್ತೆ ಒಗೆದು ಮಡಿಸಿ ಗಿರಾಕಿಗೆ ಮುಟ್ಟಿಸುವುದು. ಎಲ್ಲರೂ ಮಾಡಿದ್ದರು. ಯಜಮಾನನ ಮಗಳೇ ತನ್ನ ಹುಟ್ಟುಹಬ್ಬಕ್ಕೆ ವಕೀಲರ ಹೆಂಡತಿಯ ರೇಷ್ಮೆ ಶಾಲು ಹೊದ್ದು ಕುಣಿದಿದ್ದಳು. ಆಗ ಯಾರೂ ಯಾರನ್ನೂ ಕಟ್ಟಿಹಾಕಿರಲಿಲ್ಲ.

ಪ್ರತಿ ಶನಿವಾರ ಸಂಜೆ ಅಲ್ಲಿ ಪಾದ್ರಿ ಬಂದು ಯೇಸುವಿನ ಸಾಮ್ಯಗಳ, ಅಂದರೆ ಅವನು ಹೇಳಿದ ನೀತಿಕಥೆಗಳ, ಪಾಠ ಮಾಡುತ್ತಿದ್ದ. ಯಜಮಾನನ ಏರ್ಪಾಡು ಅದು. ಹೆಂಗಸರು ಬಟ್ಟೆಯ ಗಂಟುಗಳ ಮೇಲೆ ಕೂರಬೇಕು, ಗಂಡಸರು ನೆಲದ ಮೇಲೆ. ಪಾದ್ರಿ ಬಾಯ್ಲರಿಗೆ ಬೆನ್ನು ಕೊಟ್ಟು, ಬೆಚ್ಚಗೆ ನಿಂತು, ಒಂದೊಂದು ಸಾಮ್ಯ ಹೇಳಿ ಅರ್ಥ ಬಿಡಿಸುತ್ತಿದ್ದ. ಬೀಜ ಬಿತ್ತುವವನ ಸಾಮ್ಯದಲ್ಲಿ ಕಲ್ಲುನೆಲ ಅಂದರೆ ಕೆಲಸಗಾರರು. ದ್ರಾಕ್ಷಿತೋಟದ ಸಾಮ್ಯದಲ್ಲಿ ಹೊಟ್ಟೆಕಿಚ್ಚಿನವರು ಅಂದರೂ ಕೆಲಸಗಾರರೇ. ಎಣ್ಣೆ ತಾರದ ಬುದ್ಧಿಗೇಡಿ ಕನ್ಯೆಯರು ಯಾರೆಂದು ಹೇಳುವ ಅಗತ್ಯವೇ ಇರಲಿಲ್ಲ. ಪಾದ್ರಿ ಇಸ್ತ್ರಿಯ ಹೆಂಗಸರ ಕಡೆ ನೋಡಿದರೆ ಸಾಕಿತ್ತು.

ಬಾಯ್ಲರು ನೋಡಿಕೊಳ್ಳುತ್ತಿದ್ದ ಅವಳ ಗಂಡನಿಗೆ ಮಾತ್ರ ಬಾಯಿ ಸುಮ್ಮನಿರುತ್ತಿರಲಿಲ್ಲ. ಪಾದ್ರಿಯೇ ಅವನಿಗೆ 'ಪ್ರಶ್ನೆಪತ್ರಿಕೆ' ಅಂತ ಹೆಸರಿಟ್ಟಿದ್ದ.

"ಅಯ್ಯನವರೇ, ಒಡೆಯನ ಹತ್ರ ಒಂದೇ ತಲಾಂತು ಹಣ ಇಸ್ಕೊಂಡಿದ್ದ ಆಳು, 'ನೀನು ಬಿತ್ತದ ಕಡೆ ಕೊಯ್ಯೋನು' ಅಂತ ಒಡೆಯನ ಮುಖಕ್ಕೇ ಹೇಳಿದ್ನಲ್ಲ. ಅದು ಸುಳ್ಳಾ?"

"ಬಂತಪ್ಪ ಪ್ರಶ್ನೆಪತ್ರಿಕೆ," ಅನ್ನುತ್ತಿದ್ದ ಪಾದ್ರಿ. ಎಲ್ಲರೂ ನಗುತ್ತಿದ್ದರು. ಯಜಮಾನ ನಗುತ್ತಿರಲಿಲ್ಲ.

ಯಜಮಾನನ ಮಗಳ ಮದುವೆಗೆ ಮುಂಚಿನ ಶನಿವಾರ ಹೇಳಿದ್ದು ಅರಸನ ಮನೆ ಮದುವೆಯ ಸಾಮ್ಯ. ಕರೆದವರು ಬಾರದಿದ್ದಾಗ ಅರಸ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕರೆಸಿ ಊಟಕ್ಕೆ ಕೂರಿಸಿದ. ಅವರಲ್ಲಿ ಒಬ್ಬ ಮದುವೆಯ ಉಡುಪು ಹಾಕಿರಲಿಲ್ಲ. ಅರಸ ಅವನ ಕೈಕಾಲು ಕಟ್ಟಿಸಿ ಹೊರಗಿನ ಕತ್ತಲೆಗೆ ಬಿಸಾಕಿಸಿದ.

"ಬೀದೀಲಿ ಹೋಗ್ತಿದ್ದೋನ ಹತ್ರ ಮದುವೆ ಬಟ್ಟೆ ಎಲ್ಲಿಂದ ಬರ್ಬೇಕು ಅಯ್ಯನವರೇ?"

"ಅರಸನೇ ಬಾಗಿಲಲ್ಲಿ ಕೊಡ್ತಿದ್ದ. ಇವನು ಸೊಕ್ಕಿನಿಂದ ಬೇಡ ಅಂದ."

"ಹಾಗಂತ ಪುಸ್ತಕದಲ್ಲಿ ಇದೆಯಾ?"

"ಪುಸ್ತಕದಲ್ಲಿ ಇಲ್ಲ. ದೊಡ್ಡವರು ಹೇಳ್ತಾರೆ."

"ಓ, ದೊಡ್ಡವರು," ಅಂದಿದ್ದ ಅವನು.

ಆಗ ಯಜಮಾನ ಕುರ್ಚಿಯಿಂದ ಎದ್ದು, "ನೀವೂ ಎಲ್ಲ ನನ್ನ ಮಗಳ ಮದುವೆಗೆ ಬರ್ಬೇಕು," ಅಂದ. "ಆದ್ರೆ ಮಾನವಾಗಿ ಹಾಕ್ಕೊಂಡು ಬನ್ರಪ್ಪ. ಸಾಮ್ಯ ಕೇಳಿದೀರಲ್ಲ?" ಆ ಸಲ ಅವನೂ ನಕ್ಕ.

ಮದುವೆಯ ಮಧ್ಯಾಹ್ನ ಅವಳ ಗಂಡ ವಕೀಲರ ಬೂದಿ ಬಣ್ಣದ ಕೋಟು ಹಾಕಿಕೊಂಡ. "ಹೇಗಿದೀನೇ?" ಅಂದ. "ಕೋಟು ಚೆನ್ನಾಗಿದೆ," ಅಂದಳು ಅವಳು. "ನಾನು?" ಅಂದ. "ಕೋಟಿನೊಳಗೆ ಯಾರೋ ಇದಾರೆ," ಅಂದಳು. ದಾರಿಯುದ್ದಕ್ಕೂ ಅವನು ಅದನ್ನೇ ಹೇಳಿಕೊಂಡು ನಗುತ್ತಾ ಬಂದ.

ಊಟದ ಸಾಲಿನಲ್ಲಿ ವಕೀಲರ ಹೆಂಡತಿ ಮೊದಲು ನೋಡಿದಳು. "ರೀ, ಅದು ಅಪ್ಪ ಕೊಟ್ಟ ಕೋಟಲ್ವಾ?" ವಕೀಲ ತಟ್ಟೆ ಕೆಳಗಿಟ್ಟು ಬಂದ. ಚರ್ಚಿನ ಹಿರಿಯ ಅವನು, ಬೈಬಲಿನ ವಚನ ಬಾಯಿಪಾಠ. ನಾಲ್ಕು ಜನಕ್ಕೆ ಕೇಳುವ ಹಾಗೆ, ಅರಸನ ಧಾಟಿಯಲ್ಲೇ ಕೇಳಿದ: "ಸ್ನೇಹಿತನೇ, ಈ ಬಟ್ಟೆಯಲ್ಲಿ ನೀನು ಒಳಗೆ ಬಂದದ್ದು ಹೇಗೆ?"

ವಚನ ಗೊತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಾಮ್ಯದ ಮನುಷ್ಯ ಆ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಇವನು ಬಿಟ್ಟ.

"ಬಾಗಿಲಿಂದ ಸಾರ್," ಅಂದ. ಅಂದು ತಾನೂ ನಕ್ಕ.

ಆ ನಗು ಮುಗಿಯುವ ಮೊದಲೇ ವಕೀಲನ ದೊಡ್ಡ ಮಗ ಅವನ ಬಾಯಿಗೆ ಗುದ್ದಿದ. ಮೂಗಿನಿಂದ, ಬಾಯಿಂದ ರಕ್ತ ಎದೆಗೆ ಇಳಿಯಿತು. ಮದುಮಗನ ಗೆಳೆಯರು ಕುರ್ಚಿಗಳನ್ನು ಎತ್ತಿಕೊಂಡರು. "ಕೋಟು ಬಿಚ್ಚಿ ಮೊದ್ಲು! ಕೋಟು ಹರಿದೀತು!" ಅಂತ ವಕೀಲ ಸುತ್ತಲೂ ಓಡಾಡಿ ಕೂಗುತ್ತಿದ್ದ. ಬಿಚ್ಚಿದರು. ಜೋಪಾನವಾಗಿ ಮಡಿಸಿ ವಕೀಲನ ಕೈಗೆ ಕೊಟ್ಟರು. ಆಮೇಲೆ ನಿಶ್ಚಿಂತೆಯಿಂದ ಹೊಡೆದರು. ಕುರ್ಚಿಯ ಕಾಲು ತಲೆಯ ಹಿಂಭಾಗಕ್ಕೆ ಬಿದ್ದಾಗ ಬಂದ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು. ಅವಳು ಹುಟ್ಟಿದಾಗಿನಿಂದ ಕೇಳಿದ್ದ ಸದ್ದು.

ಯಾರಿಗೋ ಇನ್ನೊಂದು ತಮಾಷೆ ಹೊಳೆಯಿತು. "ಕೈಕಾಲು ಕಟ್ರೋ! ಸಾಮ್ಯದಲ್ಲಿ ಹಾಗೇ ಇರೋದು!" ಶಾಮಿಯಾನದ ಹಗ್ಗ ತಂದರು. ಕಟ್ಟಿ, ಅಡುಗೆಮನೆಯ ಹಿಂದಿನ ಚರಂಡಿಗೆ ಎಸೆದರು. ಇಬ್ಬರು ಹೆಂಗಸರು ಅವಳನ್ನು ಬೆಂಚಿಗೆ ಒತ್ತಿ ಹಿಡಿದಿದ್ದರು. ಅವಳು ಒಬ್ಬಳ ಕೈ ಕಚ್ಚಿ ಬಿಡಿಸಿಕೊಂಡು ಓಡುವಾಗ ಒಳಗೆ ಪಾದ್ರಿ ಕಣ್ಣು ಮುಚ್ಚಿ ಊಟಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತಿದ್ದ. ಹಗ್ಗ ನೆಂದು ಬಿಗಿದುಕೊಂಡಿತ್ತು. ಹಲ್ಲಿನಿಂದ ಗಂಟು ಬಿಚ್ಚಿದಳು. ಬಾಯಿಗೆ ಚರಂಡಿಯ ರುಚಿ ಹತ್ತಿತು, ಗಂಟು ಬಿಚ್ಚಿತು, ಅವನ ಕಣ್ಣು ಬಿಚ್ಚಲಿಲ್ಲ. ಆಸ್ಪತ್ರೆಯ ಓಣಿಯಲ್ಲಿ ನೆಲದ ಮೇಲೆ ಸತ್ತ. ಕುಡಿದು ಚರಂಡಿಗೆ ಬಿದ್ದ ಅಂತ ಪೊಲೀಸರು ಬರೆದುಕೊಂಡರು. ಅವನು ಕುಡಿಯುತ್ತಲೇ ಇರಲಿಲ್ಲ.

ಅವನನ್ನು ಹೂತ ಮರುದಿನದ ಆ ಶನಿವಾರವೂ ಸಂಜೆ ಪಾಠ ತಪ್ಪಲಿಲ್ಲ. ಪಾದ್ರಿ ಬಂದು ಬಾಯ್ಲರಿಗೆ ಬೆನ್ನು ಕೊಟ್ಟು ನಿಂತ. ಕ್ಷಮಿಸದ ಆಳಿನ ಸಾಮ್ಯ ತೆಗೆದ. ಒಡೆಯ ಆಳನ್ನು ಕ್ಷಮಿಸಿದ, ಆಳು ಮಾತ್ರ ಜೊತೆಯವನನ್ನು ಕ್ಷಮಿಸಲಿಲ್ಲ, ಅವನನ್ನು ಪೀಡಿಸುವವರ ಕೈಗೆ ಒಪ್ಪಿಸಲಾಯಿತು. ಹೇಳುತ್ತಾ ಹೇಳುತ್ತಾ ಅವಳ ಕಡೆ ತಿರುಗಿದ.

"ತಂಗೀ, ವಕೀಲರಿಗೂ ಮನಸ್ಸಿಗೆ ತುಂಬ ಬೇಜಾರಾಗಿದೆ. ಆ ಕೋಟನ್ನ ಶುದ್ಧ ಮಾಡಿ ನಿನ್ನ ಕೈಯಾರೆ ಒಪ್ಪಿಸು. ಅವರೂ ಮರೀತಾರೆ, ನೀನೂ ಮರಿ. ಕ್ರೈಸ್ತ ಬಾಳು ಅಂದ್ರೆ ಇದೇ."

"ಒಂದು ಮಾತು ಅಯ್ಯನವರೇ," ಅಂದಳು. ಅವಳು ಅಲ್ಲಿ ಬಾಯಿ ತೆರೆದದ್ದು ಅದೇ ಮೊದಲು. "ಮದುವೆ ಸಾಮ್ಯದಲ್ಲಿ ಅರಸನ ಆಳುಗಳು ಅವನನ್ನ ಕಟ್ಟಿ ಹೊರಗೆ ಹಾಕಿದ್ರಲ್ಲ. ಆಮೇಲೆ ಅವರು ಏನ್ಮಾಡಿದ್ರು?"

"ಏನ್ಮಾಡಿದ್ರು ಅಂದ್ರೆ?"

"ಕೈ ತೊಳ್ಕೊಂಡು ಊಟಕ್ಕೆ ಕೂತ್ರಾ?"

ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡ. "ಅದು ಸಾಮ್ಯ ಕಣಮ್ಮ. ನಡೆದ ಸಂಗತಿ ಅಲ್ಲ. ಒಳಗಿನ ಅರ್ಥ ಹುಡುಕ್ಬೇಕು."

"ಹುಡುಕಿದೆ ಅಯ್ಯನವರೇ. ಚರಂಡೀಲಿ ಸಿಕ್ತು."

ಯಜಮಾನ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದ. ಗಂಟಿನ ಮೇಲಿಂದ ಅವಳು ನೆಲಕ್ಕೆ ಉರುಳಿದಳು. "ಗಂಡ ಸತ್ರೂ ಗಂಡನ ಚಾಳಿ ಸಾಯ್ಲಿಲ್ಲ ಈ ರಂಡೆಗೆ!" ಅಂದು ಕಾಲೆತ್ತಿ ಹೊಟ್ಟೆಗೆ ಒದ್ದ. ಯಾರೂ ಏಳಲಿಲ್ಲ. ಅತ್ತೆ ತನ್ನ ಬಿಳಿ ಕೈಗಳನ್ನು ನೋಡುತ್ತಾ ಕೂತಿದ್ದಳು.

"ಪ್ರಾರ್ಥಿಸೋಣ," ಅಂದ ಪಾದ್ರಿ.

ಭಾನುವಾರ ಚರ್ಚಿಗೆ ರಜೆಯಿಲ್ಲದ ಹಾಗೆ ಹೋಟೆಲಿಗೂ ರಜೆಯಿಲ್ಲ. ಮೇಜುಬಟ್ಟೆಗೆಂದು ಅತ್ತೆ ದೊಡ್ಡ ಹಂಡೆಯಲ್ಲಿ ಗಂಜಿ ಕುದಿಸುತ್ತಿದ್ದಳು. ಬೇರೆ ಯಾರೂ ಬಂದಿರಲಿಲ್ಲ. ಸೊಸೆ ಕೋಟನ್ನು ಮೊಳೆಯಿಂದ ಇಳಿಸಿದಳು. ನೀರಿಗೆ ಹಾಕಲಿಲ್ಲ. ಮೇಜಿನ ಮೇಲೆ ಹರಡಿ, ತೋಳುಗಳನ್ನು ನೇರ ಮಾಡಿ, ಎದೆಯ ಮೇಲೆ ಹಸಿ ಬಟ್ಟೆ ಹಾಸಿ, ಕಾದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತಿದಳು.

"ಏಯ್! ತಲೆ ಕೆಟ್ಟಿದೆಯೇನೇ! ತೊಳೀದೆ ಬಿಸಿ ಮುಟ್ಟಿಸ್ತಾರಾ!"

ತಣ್ಣೀರಿಗೆ ಬಿಡುವ ರಕ್ತ ಬಿಸಿ ತಾಗಿದರೆ ನೂಲಿನೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಸೋಪಿಗೂ, ಯಾವ ಆ್ಯಸಿಡ್ಡಿಗೂ ಜಗ್ಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮುದುಕಿ ಸೌಟು ಹಿಡಿದೇ ಓಡಿ ಬಂದಳು, ಪೆಟ್ಟಿಗೆ ಕಸಿಯಲು ಕೈ ಚಾಚಿದಳು. ಅಷ್ಟರಲ್ಲಿ ಹಬೆ ಎದ್ದಿತು. ಹಬೆಯಲ್ಲಿ ಮಗನ ರಕ್ತದ ವಾಸನೆ ಎದ್ದಿತು. ಮುದುಕಿಯ ಕೈ ಗಾಳಿಯಲ್ಲೇ ನಿಂತಿತು. ಹೆತ್ತ ದಿನ ಅವಳಿಗೆ ಬಡಿದದ್ದೂ ಇದೇ ವಾಸನೆ ಇರಬೇಕು. ಸೌಟು ಹಿಡಿದುಕೊಂಡು ಹಂಡೆಯ ಹತ್ತಿರ ವಾಪಸು ಹೋದಳು.

ಯಜಮಾನ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. "ಎಲ್ಲೇ ಕೋಟು? ವಕೀಲರು ಆಗ್ಲೇ ಚರ್ಚಿಗೆ ಬಂದು ಕೂತಿದಾರೆ." ಕೋಟು ನೋಡಿದ. ಕಲೆ ಈಗ ಕಂದಾಗಿರಲಿಲ್ಲ, ಕಪ್ಪಾಗಿ ಮಿರುಗುತ್ತಿತ್ತು. ಅವನು ಅವಳ ಜುಟ್ಟಿಗೆ ಕೈ ಹಾಕಿ ಎಳೆದು ಮುಖವನ್ನು ಮೇಜಿಗೆ ಅಪ್ಪಳಿಸಿದ. ತುಟಿ ಒಡೆಯಿತು. ಎರಡನೆಯ ಸಲ ಅಪ್ಪಳಿಸಲು ಎತ್ತಿದ.

"ಬಿಡೋ ನನ್ ಸೊಸೇನ, ಬೋಳಿಮಗನೇ!"

ಮುದುಕಿ ಹಂಡೆಗೆ ಭುಜ ಕೊಟ್ಟಿದ್ದಳು. ಕುದಿಯುವ ಗಂಜಿ ನೆಲದುದ್ದಕ್ಕೂ ಹಾಲಿನಂತೆ ನುಗ್ಗಿ ಅವನ ಬೂಟಿನೊಳಗೆ ಇಳಿಯಿತು. ಅವನು ಜುಟ್ಟು ಬಿಟ್ಟು ಕಿರುಚಿದ, ಜಾರಿದ, ಗಂಜಿಯಲ್ಲೇ ಅಂಗೈ ಊರಿ ಮತ್ತೆ ಕಿರುಚಿದ.

"ನನ್ ಮಗನ್ನ ನುಂಗಿ ಸೋಪು ಕೇಳ್ತೀಯೇನೋ? ತಗೋ, ಗಂಜಿ! ಗರಿಗರಿಯಾಗಿ ಹೋಗು ನರಕಕ್ಕೆ!" ಅವಳು ಬರಿಗಾಲಲ್ಲಿ ನಿಂತಿದ್ದಳು. ತನ್ನ ಪಾದವೂ ಬೇಯುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ. ಸೊಸೆಯ ಕಡೆ ನೋಡಿ, "ಏನ್ ನೋಡ್ತಿದೀಯೇ? ಮುಟ್ಟಿಸಿ ಬಾ, ಹೋಗು," ಅಂದಳು.

ಚರ್ಚು ಬೀದಿಯ ಆಚೆ ಬದಿಗೇ ಇತ್ತು. ಹಾಡು ಮುಗಿದಿತ್ತು. ವಕೀಲ ಬೇರೊಂದು ಕೋಟು ಹೆಗಲಿಗೆ ಹಾಕಿಕೊಂಡು, ದೊಡ್ಡ ಪುಸ್ತಕದ ಮುಂದೆ ನಿಂತು, ಪುಟ ಹುಡುಕುತ್ತಿದ್ದ. ಅವಳು ನಡುವಿನ ಕೆಂಪು ಹಾಸಿನ ಮೇಲೆ ನಡೆದಳು. ಹಿಂದೆ ಗಂಜಿಯ ಬಿಳಿ ಹೆಜ್ಜೆಗಳು ಬೀಳುತ್ತಾ ಬಂದವು. ಒಡೆದ ತುಟಿಯ ರಕ್ತ ಗಲ್ಲಕ್ಕೆ ಇಳಿದಿತ್ತು. ಒರೆಸಿಕೊಳ್ಳಲಿಲ್ಲ.

"ಯಾರಾದ್ರೂ ಆಕೇನ ಹೊರಗೆ ಕರ್ಕೊಂಡು ಹೋಗಿ," ಅಂದ ಪಾದ್ರಿ. ಹಿಂದಿನ ಬೆಂಚುಗಳಲ್ಲಿ ಕೂತಿದ್ದವರು ಲಾಂಡ್ರಿಯವರು. ಯಾರೂ ಏಳಲಿಲ್ಲ. ಮುಂದಿನ ಬೆಂಚಿನಿಂದ ವಕೀಲನ ದೊಡ್ಡ ಮಗ ಎದ್ದ. ಕೋಟಿನ ಎದೆ ಕಣ್ಣಿಗೆ ಬಿತ್ತು. ಒಂದು ಕಾಲು ಹಾಸಿನ ಮೇಲೆ, ಒಂದು ಬೆಂಚಿನೊಳಗೆ, ಹಾಗೇ ನಿಂತ.

ಅವಳು ಮೆಟ್ಟಿಲು ಹತ್ತಿ ವಕೀಲನ ಎದುರು ನಿಂತಳು.

"ನಮ್ಮನೆಯವರು ಎರವಲು ತಗೊಂಡಿದ್ರು ಸಾರ್. ವಾಪಸು ತಂದಿದೀನಿ."

ಅವಳು ಕೋಟನ್ನು ಭುಜದ ಎರಡು ತುದಿಯಲ್ಲಿ ಹಿಡಿದು, ಗಿರಾಕಿಗೆ ತೊಡಿಸುವವರ ಹಾಗೆ ಅವನ ಮುಂದೆ ಅಗಲಿಸಿ ಹಿಡಿದಳು.

"ತೋಳು ಕೊಡಿ. ಇನ್ನೂ ಬಿಸಿಯಾಗಿದೆ."