ಆರು ಬಾಗಿಲಿನ ಟ್ರೇಲರ್

ಎಷ್ಟು ಹೊಡೆದರೂ ಅಲ್ಲಾಡದ ಪಿನ್ನಿಗೆ ಇನ್ನೊಂದು ಪೆಟ್ಟು ಹಾಕುವಾಗ ಸುತ್ತಿಗೆ ಜಾರಿ ಚಿರಂತನ ಭಟ್ಟನ ಹೆಬ್ಬೆರಳ ಮೇಲೆ ಬಿತ್ತು. ಕೂಗುವಂತಿರಲಿಲ್ಲ. ಕೂಗಳತೆಯ ಚಪ್ಪರದಲ್ಲಿ ಆಗಷ್ಟೇ ವಟುವಿನ ಮೇಲೆ ಶಾಲು ಹೊದಿಸಿ ಕಿವಿಯಲ್ಲಿ ಗಾಯತ್ರಿ ಹೇಳುತ್ತಿದ್ದರು. ನೋವಿಗೆ ಬೆರಳನ್ನು ಬಾಯಿಗಿಟ್ಟುಕೊಂಡ. ಆ ಕೈ ಬೆಳಗಿನಿಂದ ಏನೇನು ಮುಟ್ಟಿದೆ ಎಂಬುದು ತಟ್ಟನೆ ನೆನಪಾಗಿ, ಗಾಡಿಯ ಅಡಿಯಲ್ಲಿ ಮಲಗಿದ್ದಲ್ಲಿಂದಲೇ ಥೂ ಥೂ ಎಂದು ಉಗಿದ.

“ಉಗೀರಿ ಭಟ್ರೆ, ಉಗೀರಿ. ಇಲ್ಲಿ ಅದೊಂದೇ ಬಾಕಿ ಇತ್ತು,” ಎಂದ ಬೈರ. ಅವನು ಹಲಸಿನ ಮರದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ.

ಪಿನ್ನಿನ ಒಂದು ಕಡೆಗೆ ಚಿರಂತನನ ದೊಡ್ಡ ಎಸ್‌ಯುವಿ. ಬಿಳಿ ಬಣ್ಣ, ಏಳು ಸೀಟು, ಹತ್ತಲಿಕ್ಕೆ ಪಕ್ಕದಲ್ಲಿ ಮೆಟ್ಟಿಲು. ಇನ್ನೊಂದು ಕಡೆಗೆ ಆರು ಬಾಗಿಲಿನ ಟ್ರೇಲರ್. ಮೂರು ಬಾಗಿಲು ನೀಲಿ, ಮೂರು ಗುಲಾಬಿ, ಒಳಗೆ ಒಂದೊಂದು ಕಕ್ಕಸು, ಅಡಿಯಲ್ಲಿ ಎಲ್ಲವೂ ಹೋಗಿ ಸೇರುವ ಕಬ್ಬಿಣದ ಟ್ಯಾಂಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮದುವೆ ಮುಂಜಿ ಇದ್ದಲ್ಲೆಲ್ಲ ಈ ಜೋಡಿ ಹೋಗುತ್ತಿತ್ತು. ಕಾರ್ಯಕ್ರಮಗಳಿಗೆ ಸಾಮಾನು ಸಾಗಿಸುವ ಉದ್ಯೋಗ ಎಂದು ಚಿರಂತನ ನೆಂಟರಲ್ಲಿ ಹೇಳಿಕೊಂಡಿದ್ದ. ಪೂರ್ತಿ ಸುಳ್ಳೇನಲ್ಲ. ಹೋಗುವಾಗ ಖಾಲಿ, ಬರುವಾಗ ಸಾಮಾನು.

ಶಿರಸಿಯ ಗ್ಯಾರೇಜಿನ ಮೆಕ್ಯಾನಿಕ್ ಸಂದೇಶ ಹಿಂದಿನ ಮಳೆಗಾಲದಿಂದ ಹೇಳುತ್ತಲೇ ಇದ್ದ: ಕ್ಲಚ್ ಪ್ಲೇಟ್ ಸವೆದಿದೆ, ಗೇರ್ ಆಯಿಲ್ ಕಪ್ಪಾಗಿದೆ, ಭಾರ ಎಳೆಯುವ ಗಾಡಿಯ ಹಿಂದಿನ ಕೊಂಡಿಯನ್ನು ಆಗಾಗ ಬಿಚ್ಚಿ ಗ್ರೀಸು ಹಚ್ಚದಿದ್ದರೆ ಪಿನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಚಿರಂತನ ಪ್ರತಿ ಸಲ ತಲೆಯಾಡಿಸಿ, ಗಾಡಿಯ ಮೈಗೆ ಪಾಲಿಶ್ ಹೊಡೆಸಿಕೊಂಡು ಬರುತ್ತಿದ್ದ. ಗಾಡಿಯ ಅಡಿಗೆ ಯಾರೂ ಬಗ್ಗಿ ನೋಡುವುದಿಲ್ಲ ಎಂಬುದು ಅವನ ಸಿದ್ಧಾಂತ. ಹೆಣ್ಣು ಕೊಡುವವರಂತೂ ನೋಡುವುದೇ ಇಲ್ಲ.

ಇವತ್ತಿನ ಅವಸರವೂ ಹೆಣ್ಣಿನದೇ. ಮೂವತ್ತೆಂಟಕ್ಕೆ ಬಂದ ಚಿರಂತನನನ್ನು ಒಲ್ಲೆ ಎಂದವರಲ್ಲಿ ಕೆಲವರಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದರು. ಸೋಂದಾ ಹತ್ತಿರದ ಈ ಮುಂಜಿಮನೆಯ ಯಜಮಾನ ಗಿರೀಶ ಹೆಗಡೆ ಕನಿಕರದಿಂದ ಒಂದು ಏರ್ಪಾಡು ಮಾಡಿದ್ದ. ಸಿದ್ದಾಪುರ ಕಡೆಯ ದೇವರು ಹೆಗಡೆ, ಮಗಳು ಮಧುರಾಳನ್ನು ಕರೆದುಕೊಂಡು ಮುಂಜಿಗೆ ಬರುತ್ತಾನೆ. ಹೆಣ್ಣು ನೋಡುವ ಶಾಸ್ತ್ರವೇನಲ್ಲ, ಊಟದ ಹೊತ್ತಿಗೆ ಕಣ್ಣಿಗೆ ಬಿದ್ದರೆ ಸಾಕು. “ಮಾಣಿ ದೊಡ್ಡ ಗಾಡಿ ಇಟ್ಟಿದ್ದ” ಎಂದು ಗಿರೀಶ ಹುಡುಗನ ಬಗ್ಗೆ ಮೊದಲೇ ಹೇಳಿಟ್ಟಿದ್ದ. ಟ್ರೇಲರನ್ನು ಕೊಟ್ಟಿಗೆಯ ಹಿಂದೆ ಕಳಚಿಟ್ಟು, ಗಾಡಿ ತೊಳೆದು ಚಪ್ಪರದ ಎದುರು ನಿಲ್ಲಿಸಿ, ರೇಷ್ಮೆ ಶಾಲು ಹೊದ್ದು ಅದರ ಪಕ್ಕ ನಿಲ್ಲುವುದು ಚಿರಂತನನ ಯೋಜನೆ. ಪಿನ್ನು ಒಪ್ಪಲಿಲ್ಲ.

ಪಿನ್ನಿನದಕ್ಕಿಂತ ನೀರಿನ ಕಥೆ ಹೊಲಸು. ಬೆಳಿಗ್ಗೆ ಬೈರ ಪೈಪು ಹಿಡಿದು ಬಾವಿಯ ಕಡೆ ಹೊರಟಾಗ ಗಿರೀಶನ ದೊಡ್ಡಮ್ಮ ಪರಿಮಳಾ ಒದ್ದೆ ಸೀರೆಯಲ್ಲೇ ಓಡಿ ಬಂದು ಅಡ್ಡ ನಿಂತಿದ್ದಳು.

“ಆ ಪೈಪು ಬಾವಿ ಪಂಪಿಗೆ ಹಚ್ಚಲಾಗ! ಆಚೆ ತುದಿ ಎಲ್ಲಿದ್ದು ನೋಡು. ದೇವರ ಅಭಿಷೇಕಕ್ಕೂ ಇದೇ ನೀರು. ಬಾವಿಗೆ ಮೈಲಿಗೆ ಆಗ್ತಿಲ್ಯನಾ?”

“ನೀರು ಈ ಬದಿಯಿಂದ ಆ ಬದಿಗೆ ಹೋಗೂದು ಅಮ್ಮಾ. ಆ ಬದೀದು ಈಚೆ ಬರೂದಿಲ್ಲ,” ಎಂದ ಬೈರ.

“ನಿಂಗೆ ಅದೆಲ್ಲ ತಿಳೀತಿಲ್ಲೆ.”

ತಿಳಿಯಬೇಕಾದವರಿಗೆಲ್ಲ ತಿಳಿದಿತ್ತು. ಗಿರೀಶ ಮುಖ ತಿರುಗಿಸಿ ಬಾಳೆಕಂಬ ಸರಿಮಾಡತೊಡಗಿದ. ಹೀಗಾಗಿ ದಾರಿಗೆಂದು ತಂದ ಚೂರು ನೀರಿನಲ್ಲೇ ಊರ ನೆಂಟರಿಷ್ಟರೆಲ್ಲ ಬೆಳಗಿನ ಕೆಲಸ ಮುಗಿಸಿದರು. ತೆಳ್ಳೇವು ದೋಸೆ, ಕಾಫಿಯ ನಂತರ ಎರಡನೆಯ ಸಲವೂ ಬಂದರು. ಬಾವಿಯ ಮಡಿ ಉಳಿಯಿತು. ಗುಲಾಬಿ ಬಾಗಿಲೊಂದು ಒಳಗಿನದನ್ನು ತಡೆಯಲಾರದೆ ಅರ್ಧ ತೆರೆದು ನಿಂತಿತು. ಯಾರೋ ಪುಣ್ಯಾತ್ಮರು ಕೈ ತೊಳೆಯುವ ಬೇಸಿನ್ನಿನಲ್ಲಿ ಕವಳ ಉಗಿದಿದ್ದರು, ಇನ್ಯಾರೋ ಅದರ ಮೇಲೆ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದಿದ್ದರು. ನೊಣಗಳು ಮಾತ್ರ ಮಡಿ ಮೈಲಿಗೆ ನೋಡದೆ ಟ್ರೇಲರಿನಿಂದ ಅಡುಗೆಮನೆಗೂ ಅಲ್ಲಿಂದ ಇಲ್ಲಿಗೂ ಹಾರಾಡಿಕೊಂಡಿದ್ದವು.

ಗಾಡಿಯಡಿ ಮಲಗಿದ್ದ ಚಿರಂತನನಿಗೆ ಮೊದಲು ಕಂಡದ್ದು ಕಾಲುಗಳು. ಗಿರೀಶನ ಬರಿಗಾಲು, ಅದರ ಹಿಂದೆ ಹೊಸ ಚರ್ಮದ ಚಪ್ಪಲಿ, ಅದರ ಹಿಂದೆ ಸೀರೆಯ ಅಂಚಿನ ಕೆಳಗೆ ಕ್ಯಾನ್ವಾಸ್ ಶೂ.

“ಎಂತಾ ಗಬ್ಬು ಮಾರಾಯ ಇದು!” ಚಪ್ಪಲಿಯ ಮೇಲಿನಿಂದ ದನಿ ಬಂತು. “ಗಿರೀಶಾ, ಈ ಹೇಲಿನ ಗಾಡಿ ಯಾರದ್ದು?”

ಗಿರೀಶ ಕೆಮ್ಮಿದ. “ಅದು... ಹೆಗಡೇರೆ, ಆನು ಹೇಳಿದ್ನಲಾ, ಚಿರಂತನ ಹೇಳಿ... ಇಲ್ಲೇ ಇದ್ದ. ಗಾಡಿ ಅಡಿಗೆ.”

ಚಿರಂತನ ತೆವಳಿಕೊಂಡು ಹೊರಬಂದ. ಬನಿಯನ್ನಿಗೆ ಕಪ್ಪು ಎಣ್ಣೆ, ಮೊಣಕೈಗೆ ಬೇರೆ ಏನೋ. ದೇವರು ಹೆಗಡೆ ಶಾಲಿನ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ಅವನನ್ನು ನೋಡಿದ. ಮಧುರಾ ಮೂಗು ಮುಚ್ಚಿಕೊಂಡಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಅರ್ಧ ತೆರೆದ ಗುಲಾಬಿ ಬಾಗಿಲನ್ನು ನೋಡುತ್ತಿದ್ದಳು.

“ಮಾಣಿ ಇಂವನೇಯಾ? ಗಾಡಿ ಅಡಿಗೆ ಎಂತ ಮಾಡ್ತಿದ್ದೆ ತಮಾ?”

“ಪಿನ್ನು ಕಚ್ಕಂಡಿದ್ದು. ಬೈರಂಗೆ ಸಲ್ಪ ತೆಗೆದುಕೊಡನ ಹೇಳಿ...”

“ಹಂಗಾರೆ ಗಾಡಿ ಇಂವಂದಾ?” ಹೆಗಡೆ ಬೈರನ ಕಡೆ ಗಲ್ಲ ಎತ್ತಿದ.

“ಹೌದು, ಬೈರಂದೇ,” ಎಂದ ಚಿರಂತನ.

ಮುಂದಿನದು ನನ್ನದು, ಹಿಂದಿನದು ಅವನದು ಎನ್ನಬಹುದಿತ್ತು. ಆದರೆ ಹಾಗಿದ್ದರೆ ಎರಡೂ ಯಾಕೆ ಅಂಟಿಕೊಂಡಿವೆ ಎಂದು ಕೇಳದೆ ಬಿಡುವ ಮುಖ ಹೆಗಡೆಯದಾಗಿರಲಿಲ್ಲ. ಚಿರಂತನ ಗಿರೀಶನನ್ನು ನೋಡಿದ. ಗಿರೀಶ ಹಲಸಿನ ಮರವನ್ನು ನೋಡುತ್ತ, “ಹೌದೌದು, ಬೈರಂದು,” ಎಂದ.

ಬೈರ ಕವಳವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸಾಗಿಸಿದ. ಅಷ್ಟು ಹೊತ್ತು ಅವನಿಗೆ ಸಾಕಾಯಿತು. ಎದ್ದು ನಿಂತು, ಪಾಲಿಶ್ ಹೊಡೆದ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. “ಹೌದು ಹೆಗ್ಡೇರೆ, ನಂದೇ. ಎಲ್ಲಾ ದೇವ್ರ ದಯೆ.”

ದೇವರು ಹೆಗಡೆ ಆ ದಯೆಯನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಲಿಲ್ಲ. “ಕಾಲ ನೋಡು ಗಿರೀಶಾ. ನಂಗೆ ಹಳೇ ಕಾರಿಗೆ ಹೊಸ ಟೈರು ಹಾಕ್ಸಲೆ ಆಜಿಲ್ಲೆ. ಇವು ಇಂಥಾ ಗಾಡಿ ಇಟ್ಕಂಡಿದ್ದ!” ಎಂದ. ಬೈರ ಎದುರಿಗಿಲ್ಲ ಎಂಬಷ್ಟು ಸಲೀಸಾಗಿ ಎಂದ.

“ನಿಮ್ಮ ಗಾಡಿ ಎಲ್ಲಿದ್ದು?” ಮಧುರಾ ಕೇಳಿದಳು. ಕೇಳಿದ್ದು ಚಿರಂತನನನ್ನು.

“ಸರ್ವೀಸಿಗೆ ಬಿಟ್ಟಿದ್ದಿ. ಹೊತ್ತು ಹೊತ್ತಿಗೆ ಮಾಡ್ಸವು, ಇಲ್ದಿರೆ ದೊಡ್ಡ ಗಾಡಿ ಹಾಳಾಗ್ತು.”

“ಯಾವ ಬಣ್ಣ?”

“ಬಿಳಿ,” ಎಂದ ಚಿರಂತನ. ಆಮೇಲೆ, “ಇದಕ್ಕಿಂತ ಸಲ್ಪ ಹೊಸದು,” ಎಂದ.

ಅಷ್ಟರಲ್ಲಿ ಪರಿಮಳಾ ದೊಡ್ಡಮ್ಮನ ಕೂಗು ಹಿತ್ತಿಲು ದಾಟಿ ಬಂತು. ಪಂಕ್ತಿಗೆ ಬಾಳೆ ಹಾಕುತ್ತಿದ್ದಾರೆ, ವೈದಿಕರು ಕೂರುವ ಹೊತ್ತು, ಗಾಳಿ ಈ ಕಡೆಗೇ ಬೀಸುತ್ತಿದೆ, ಆ ದರಿದ್ರದ್ದನ್ನು ಈಗಿಂದೀಗ ಇಲ್ಲಿಂದ ಎಬ್ಬಿಸಿ. ಬೆಳಿಗ್ಗೆ ತಾನೂ ಅದನ್ನು ಎರಡು ಸಲ ಬಳಸಿದ್ದು ಅವಳ ದನಿಯಲ್ಲಿ ಎಲ್ಲೂ ಕಾಣಲಿಲ್ಲ.

“ಒಯ್ತೆ ಅಮ್ಮಾ, ಒಯ್ತೆ!” ಬೈರ ಕೂಗಿ ಹೇಳಿದ. “ನಂದೇ ಗಾಡಿಯಲಾ, ನಂಗೆ ಹೇಳ್ದೆ ಮತ್ಯಾರಿಗೆ ಹೇಳ್ತ್ರಿ?” ಆಮೇಲೆ ಚಿರಂತನನ ಎದುರು ಕೈಚಾಚಿದ. “ಭಟ್ರೆ, ನನ್ ಕೀಲಿ ನಿಮ್ ಹತ್ರ ಉಳೀತು ಕಾಣಿ.”

ನಂದೊಳ್ಳಿಯ ಬೈರ ಈ ಉದ್ಯೋಗ ಶುರುವಾದಾಗಿನಿಂದ ಜೊತೆಗಿದ್ದವನು. ಟ್ಯಾಂಕು, ಪೈಪು, ಪೊರಕೆ ಅವನದು, ಸ್ಟೇರಿಂಗು ಭಟ್ಟರದು. ಗಾಡಿಯಲ್ಲಿ ಅವನ ಜಾಗ ತೀರ ಹಿಂದಿನ ಸೀಟು, ಅದೂ ಗೋಣಿಚೀಲ ಹಾಸಿಕೊಂಡು. ಒಮ್ಮೆ ಓಡಿಸ್ತೆ ಎಂದು ಕೇಳಿದ್ದಕ್ಕೆ, ನಿನ್ನ ಕೈವಾಸನೆ ಸ್ಟೇರಿಂಗಿಗೆ ಹತ್ತಿದರೆ ಹೋಗುವುದಿಲ್ಲ ಮಾರಾಯ ಎಂದು ಚಿರಂತನ ನಕ್ಕಿದ್ದ. ಈಗ ಸೊಂಟದ ಮಡಿಕೆಯಿಂದ ಕೀಲಿ ತೆಗೆದು ಅದೇ ಕೈಗೆ ಕೊಟ್ಟ. ಕೊಡುವಾಗ ತುಟಿ ಅಲುಗಿಸದೆ, “ಫಸ್ಟ್ ಗೇರಲ್ಲೇ ಹತ್ತಿಸು, ಕ್ಲಚ್ ಮೇಲೆ ಕಾಲಿಡಬೇಡ,” ಎಂದ.

“ನನ್ ಗಾಡಿ ನಂಗೆ ಗೊತ್ತದೆ,” ಎಂದು ಬೈರ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಪಕ್ಕದ ಮೆಟ್ಟಿಲು ಹತ್ತಿ ಕೂತ.

ಮನೆಯಿಂದ ಡಾಂಬರು ರಸ್ತೆಗೆ ಹೋಗುವ ದಾರಿ ಎರಡು ತಿರುವಿನ ಕಡಿದಾದ ಏರು. ಬೆಳಿಗ್ಗೆ ಖಾಲಿ ಟ್ಯಾಂಕಿನೊಂದಿಗೆ ಇಳಿದದ್ದು ಈಗ ತುಂಬಿಕೊಂಡು ಏರಬೇಕು. ಚಿರಂತನ ಕೈಕಾಲು ತಿಕ್ಕಿ ತಿಕ್ಕಿ ತೊಳೆದು, ಶಾಲು ಹೊದ್ದು, ದೇವರು ಹೆಗಡೆಯ ಮಗ್ಗುಲ ಬಾಳೆಗೆ ಕೂರುವ ಹೊತ್ತಿಗೆ ಇಂಜಿನ್ನು ಅರಚತೊಡಗಿತ್ತು. ಸ್ವಲ್ಪ ಏರುತ್ತಿತ್ತು, ನಿಲ್ಲುತ್ತಿತ್ತು, ಕ್ಲಚ್ಚಿನ ಮೇಲೆ ನಿಂತೇ ಗೋಳಿಡುತ್ತಿತ್ತು. ಪ್ರತಿ ಅರಚಿಗೂ ಚಿರಂತನನ ಬಲಗಾಲು ಪಂಚೆಯೊಳಗೆ ತಾನೇ ತಾನಾಗಿ ನೆಲವನ್ನು ಒತ್ತುತ್ತಿತ್ತು.

ಮಾವಿನಕಾಯಿಯ ಅಪ್ಪೆಹುಳಿ ಬಂತು. ಅದರ ಹಿಂದೆಯೇ ಸುಟ್ಟ ಕ್ಲಚ್ಚಿನ ವಾಸನೆಯೂ ಬಂತು, ಕೂದಲು ಸುಟ್ಟಂಥದ್ದು. ಏರಿನಲ್ಲಿ ಟ್ರೇಲರು ಹಿಂದಕ್ಕೆ ವಾಲಿ ಎಲ್ಲಿಂದಲೋ ತುಳುಕಿರಬೇಕು, ಅದರ ವಾಸನೆಯೂ ಸೇರಿಕೊಂಡಿತು. ಪಂಕ್ತಿಯಲ್ಲಿ ಅರ್ಧ ಜನರಿಗೆ ಗಾಡಿ ಯಾರದೆಂದು ಗೊತ್ತು. ಒಬ್ಬರೂ ಹೇಳಲಿಲ್ಲ. ಅದು ಒಳ್ಳೆಯತನವೆಂದು ಚಿರಂತನ ಅಂದುಕೊಳ್ಳುವಷ್ಟರಲ್ಲಿ ಎದುರಿನ ಸಾಲಿನಿಂದ ಗಿರೀಶನ ತಮ್ಮ ತುಷಾರ ತಲೆಯೆತ್ತಿದ.

“ಯಾರದ್ದೋ ಕ್ಲಚ್ಚು ಹೋತು. ಹೌದನ ಚಿರಂತನ? ನಿಂಗೆ ಗಾಡಿ ವಿಷಯ ಚೊಲೊ ಗೊತ್ತಿದ್ದಲಾ.”

“ಇರಕ್ಕು,” ಎಂದ ಚಿರಂತನ, ಇರಬಹುದೇನೋ ಎಂಬಂತೆ.

“ಇರಕ್ಕು ಹೇಳ್ತ ನೋಡು! ಹೋಳಿಗೆ ಹಾಕ ಅವಂಗೆ. ಇವತ್ತು ಖುಷಿಲ್ಲಿದ್ದ.”

ಸಾಲಿಡೀ ಕಿಸಕ್ಕೆಂದಿತು. ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಚಿರಂತನ ಮುರಿದು ಬಾಯಿಗಿಟ್ಟ. ನಾಲಿಗೆಗೆ ಬೆಲ್ಲ ತಾಗಿತು, ಮೂಗಿಗೆ ಟ್ಯಾಂಕು. ನುಂಗಿದ. ಮೇಲೆ ಎರಡನೆಯ ತಿರುವಿನಲ್ಲಿ ಇಂಜಿನ್ನು ಒಮ್ಮೆ ಕಿರುಚಿ ತಟಕ್ಕನೆ ಸುಮ್ಮನಾಯಿತು. ಆಮೇಲೆ ಪಂಕ್ತಿಯಲ್ಲಿ ಯಾರೋ ರಾಗವಾಗಿ ಗ್ರಂಥದ ಶ್ಲೋಕ ಹೇಳಿದರು, ಎಲ್ಲರೂ ಹರಹರ ಮಹಾದೇವ ಎಂದರು.

ದೇವರು ಹೆಗಡೆಗೆ ಮಾತ್ರ ಹುಡುಗ ಹಿಡಿಸಿಬಿಟ್ಟಿದ್ದ. “ನಂಗೆ ಎಂತ ಹಿಡಿಸ್ತು ಗೊತ್ತಿದ್ದ ತಮಾ? ಶಾಲು ಹೊದ್ಕಂಡು ಮೆರೆಯ ಬದ್ಲು, ಅಂಥವಂಗೂ ಗಾಡಿ ಅಡಿಗೆ ಬಿದ್ದು ಸಹಾಯ ಮಾಡ್ತಿದ್ಯಲಾ. ಆ ಗಬ್ಬಲ್ಲಿ! ಈಗಿನ ಮಾಣಿಗಳಲ್ಲಿ ಅದೆಲ್ಲಿದ್ದು? ಜಾತಕ ಕೊಡ್ತಿ, ನೋಡ್ಸು.”

“ಆತು ಮಾವ,” ಎಂದ ಚಿರಂತನ. ಮಾವ ಎಂದದ್ದು ಇದೇ ಮೊದಲು.

ಊಟ ಮುಗಿದ ಮೇಲೆ, ಗಾಡಿ ಇಲ್ಲದ ಹುಡುಗನನ್ನು ಶಿರಸಿಯವರೆಗೆ ಬಿಡುವ ಮಾತು ಸಹಜವಾಗಿಯೇ ಬಂತು. ಬೇಡ ಎನ್ನಲು ಕಾರಣ ಸಿಗಲಿಲ್ಲ. ಹಳೆಯ ಸಣ್ಣ ಕಾರು, ಹಿಂದಿನ ಗಾಜುಗಳಿಗೆ ಕೈಯಲ್ಲಿ ತಿರುಗಿಸುವ ಹಿಡಿಕೆ. ಓಡಿಸಿದ್ದು ಮಧುರಾ. ಅವಳ ಮಗ್ಗುಲಲ್ಲಿ ಅಪ್ಪ, ಹಿಂದೆ ಚಿರಂತನ, ಅವನ ಮಡಿಲಲ್ಲಿ ಮುಂಜಿಮನೆಯ ಹೋಳಿಗೆ ಪೊಟ್ಟಣ.

ಮೊದಲ ತಿರುವಿನಿಂದಲೇ ರಸ್ತೆ ಒದ್ದೆಯಾಗಿತ್ತು. ಮಧುರಾ ಕಾರನ್ನು ಆದಷ್ಟು ಬದಿಗೆ ಹಿಡಿದಳು. ಎರಡನೆಯ ತಿರುವಿನಲ್ಲಿ ಬಿಳಿ ಗಾಡಿ ಬಾಯಿ ತೆರೆದ ಬಾನೆಟ್ಟಿನೊಂದಿಗೆ ನಿಂತಿತ್ತು, ಚಕ್ರಗಳ ಹಿಂದೆ ಕಲ್ಲು. ಟ್ರೇಲರಿನ ಅಡಿಯಿಂದ ಸಣ್ಣಗೆ ಸುರಿಯುತ್ತಲೇ ಇತ್ತು. ಬೈರ ಅಂಗಿ ಬಿಚ್ಚಿ ಅದನ್ನೇ ಟ್ಯಾಂಕಿನ ಬಾಯಿಗೆ ತುರುಕಿ, ಮೊಣಕೈವರೆಗೆ ಮೆತ್ತಿಕೊಂಡು ನಿಂತಿದ್ದ. ಕಾರು ಹೋಗಲು ಟ್ರೇಲರಿಗೂ ರಸ್ತೆ ಬದಿಯ ಮಣ್ಣಿನ ಧರೆಗೂ ನಡುವೆ ಇಕ್ಕಟ್ಟಾದ ಜಾಗವಷ್ಟೇ ಇತ್ತು.

“ನಿಲ್ಲಿಸಕ್ಕನಾ?” ಮಧುರಾ ಕನ್ನಡಿಯಲ್ಲಿ ಚಿರಂತನನನ್ನು ನೋಡುತ್ತ ಕೇಳಿದಳು. “ನಿಮ್ಗೆ ಗುರ್ತಿನವನಲಾ.”

“ಬ್ಯಾಡ. ಅವ್ರ ಜನ ಬತ್ತ.”

“ಗಾಡಿ ಸತ್ಹೋಜು,” ಎಂದ ದೇವರು ಹೆಗಡೆ. “ನೋಡ್ಕಳಲೆ ಬತ್ತಿಲ್ಲೆ ಅಂದ್ರೆ ಇಂಥಾದ್ದೆಲ್ಲ ತಗಳದು ಎಂತಕ್ಕೆ? ಮಗಾ, ಬೇಗ ಹೊಡಿ. ಉಂಡಿದ್ದು ಮ್ಯಾಲೆ ಬತ್ತು.” ಮೂಗು ಹಿಡಿದು ತನ್ನ ಬದಿಯ ಗಾಜು ಏರಿಸಿದ.

ಕಾರು ನಡೆಯುವ ವೇಗದಲ್ಲಿ ಇಕ್ಕಟ್ಟಿಗೆ ನುಗ್ಗಿತು. ಬೈರ ಹಿಂದಿನ ಕಿಟಕಿಗೆ ಬಗ್ಗಿದ. ಅವನ ಮುಖದಲ್ಲಿ ಬೆಳಗಿನ ತಮಾಷೆ ಯಾವುದೂ ಉಳಿದಿರಲಿಲ್ಲ. ಒಂದು ಕೈಯಲ್ಲಿ ಗಾಜಿನ ಅಂಚು ಹಿಡಿದು, ಇನ್ನೊಂದರಲ್ಲಿ ಕೀಲಿ ಚಾಚಿ, ಕಾರಿನ ಜೊತೆಗೇ ನಾಲ್ಕು ಹೆಜ್ಜೆ ಹಾಕಿದ.

“ಭಟ್ರೆ, ನನ್ ಕೈಯಲ್ಲಾಗೂದಿಲ್ಲ. ಇಳೀರಿ. ತಕಳಿ ಇದನ್ನ.”

ಚಿರಂತನ ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಹಿಡಿಕೆ ತಿರುಗಿಸಿದ. ಗಾಜು ತಡೆತಡೆದು ಮೇಲೇರಿತು. ಬೈರ ಬೆರಳು ಹಿಂದಕ್ಕೆ ತೆಗೆದುಕೊಂಡ.

ಡಾಂಬರು ರಸ್ತೆ ಸಿಕ್ಕಿತು, ಕಾರು ವೇಗ ಹಿಡಿಯಿತು. ಮಧುರಾ ಕನ್ನಡಿಯನ್ನು ಹಿಂದಿನ ರಸ್ತೆಯ ಕಡೆಗೆ ತಿರುಗಿಸಿಕೊಂಡಳು. ಗಾಜಿನ ಹೊರಮೈಯಲ್ಲಿ ಬೆರಳುಗಳ ಒದ್ದೆ ಗುರುತು ಗಾಳಿಗೆ ಹಿಂದಕ್ಕೆ ಹಿಂದಕ್ಕೆ ಹರಿದು, ಶಿರಸಿ ಬರುವಷ್ಟರಲ್ಲಿ ಒಣಗಿತು.