ಮೂರನೆಯ ಸಾಲಿನ ಉಸಿರು

“ಮೂರನೇ ಸಾಲಲ್ಲಿ ಉಸಿರು ಯಾಕೆ ಕಡೀತು?”

ಮಂಗೇಶ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಅಂಕೋಲೆಯ ದೇವಸ್ಥಾನದಲ್ಲಿ ಕಂಬಕ್ಕೆ ಒರಗಿ ಶ್ರಾವಣದ ಪುರಾಣ ಕೇಳುತ್ತಿದ್ದವನ ಬಾಯಿಂದ ತಾನಾಗಿ ಬಂದ ಮಾತು. ಓದುತ್ತಿದ್ದವಳು ಅವನ ಹೆಂಡತಿ ವೈಜಯಂತಿ. ಹದಿನೆಂಟು ವರ್ಷದಿಂದ ಅವಳು ಓದುವುದು, ಅವನು ಕೇಳುವುದು. ಷಟ್ಪದಿಯ ಉದ್ದನೆಯ ಮೂರನೆಯ ಸಾಲನ್ನು ಅವಳು ಒಂದೇ ಉಸಿರಿಗೆ ದಾಟಿಸುತ್ತಿದ್ದಳು. ಅಂದು ನಡುವೆ ನಿಂತಳು. ದನಿಯೂ ಒಡೆದಿತ್ತು.

ಅದು ಎರಡು ಸಾವಿರದ ಐದನೇ ಇಸವಿ. ಕಾರವಾರದ ಡಾಕ್ಟರಮ್ಮ ಅವಳ ಕುತ್ತಿಗೆ ಮುಟ್ಟಿ ನೋಡಿದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಥೈರಾಯ್ಡಿನಲ್ಲಿ ಅಡಿಕೆಯಷ್ಟು ಗಂಟು. ಸೂಜಿ ಹಾಕಿ ತೆಗೆದು ನೋಡಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

“ಗಂಟನ್ನ ವರ್ಷಕ್ಕೊಮ್ಮೆ ನೋಡ್ತಾ ಇದ್ರೆ ಸಾಕು. ಕಾಯಿಲೆ ಬೇರೆ. ನಿಮ್ಮ ಮೈಯ ಕಾವಲಿನವರೇ ಈ ಗ್ರಂಥಿಯನ್ನ ಹೊರಗಿನವರು ಅಂತ ತಿಳಿದು ಹೊಡೀತಾ ಇದ್ದಾರೆ. ಅದಕ್ಕೇ ಸುಸ್ತು, ಚಳಿ, ಕೂದಲು ಉದುರೋದು, ದನಿ ಒರಟಾಗಿದ್ದು. ಮಾತ್ರೆ ಜನ್ಮಪೂರ್ತಿ. ದಿನಾ ಬೆಳಿಗ್ಗೆ, ಖಾಲಿ ಹೊಟ್ಟೆಗೆ, ನೀರಲ್ಲಿ.”

ವೈಜಯಂತಿ ತಲೆಯಾಡಿಸಿ ಬಂದಳು. ಆದರೆ ಮುಂದಿನ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡಿನ ಲೆಕ್ಕ ಇಳಿಯಲಿಲ್ಲ. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಅದರ ಮುಂದಿನದರಲ್ಲೂ ಅದೇ ಹಾಡು. “ಇನ್ನೊಂದು ಸಲ ಹೀಗೇ ಇದ್ರೆ ಮತ್ತೆ ಹೆಚ್ಚಿಸಬೇಕಾಗ್ತದೆ. ಹೆಚ್ಚಾದ್ರೆ ಎದೆ ಡವಗುಟ್ಟೋದು ಉಂಟು. ಸರಿಯಾಗಿ ತಗೊಳ್ತೀರಿ ತಾನೇ?” ಎಂದು ಕೇಳಿದ್ದಕ್ಕೆ ವೈಜಯಂತಿ “ಹೌದು” ಎಂದಿದ್ದಳು.

ಮಂಗೇಶನಿಗೆ ಮಾತು ಕಡಿಮೆ, ಕಿವಿ ಹೆಚ್ಚು. ಬೆಳಗಿನ ಜಾವ ಹಾಸಿಗೆಯಲ್ಲೇ ಇದ್ದು ಮನೆಯನ್ನು ಕೇಳುವವನು: ಬಾವಿಯ ಗಡಗಡೆ, ದೇವರ ಕೋಣೆಯ ಗಂಟೆ, ಆಮೇಲೆ ಮಾತ್ರೆಯ ಶೀಶೆ ಅಲುಗುವ ಸದ್ದು, ಅದರ ಬೆನ್ನಿಗೇ ಚಹಾದ ಲೋಟ. ಸೋಮವಾರ, ಗುರುವಾರ, ಏಕಾದಶಿ, ಸಂಕಷ್ಟಿಗಳಂದು ಗಂಟೆ ಕೇಳುತ್ತಿತ್ತು, ಶೀಶೆ ಕೇಳುತ್ತಿರಲಿಲ್ಲ.

ಮರುವರ್ಷದ ಆಷಾಢದ ಕೊನೆಗೆ ಮತ್ತೆ ಕಾರವಾರದ ಬಸ್ಸು ಹತ್ತಿದರು. ಅಮದಳ್ಳಿ ದಾಟುವಾಗ ಮಂಗೇಶ ಕೇಳಿದ:

“ಉಪವಾಸದ ದಿನ ಮಾತ್ರೆ ನುಂಗೂದಿಲ್ಲ, ಅಲ್ವನೇ?”

ಅವಳು ಕಿಟಕಿಯ ಕಡೆ ತಿರುಗಿದಳು. “ಪೂಜೆಗೆ ಮುಂಚೆ ನಾ ನೀರೂ ಮುಟ್ಟೂದಿಲ್ಲ. ಹನ್ನೆರಡನೇ ವರ್ಷದಿಂದ ನಡೆಸ್ಕಂಡು ಬಂದ ನೇಮ. ಉಪವಾಸದಂದು ಪೂಜೆ ಆದ್ಮೇಲೂ ಇಲ್ಲ.”

“ಖಾಲಿ ಹೊಟ್ಟೆಗೆ ಅಂತ ಅವ್ರು ಹೇಳಿದ್ರು. ಉಪವಾಸಕ್ಕಿಂತ ಖಾಲಿ ಹೊಟ್ಟೆ ಎಲ್ಲಿ ಸಿಗ್ತದೆ ನಿಂಗೆ?”

“ಮಶ್ಕಿರಿ ಸಾಕು.”

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಮೇಲೆ ಮೆಲ್ಲಗೆ ಅಂದಳು, “ಇವ್ರೇ, ಒಳಗೆ ಉಪವಾಸದ ಸುದ್ದಿ ತೆಗೀಬೇಡಿ. ತೆಗೆದ್ರೆ, ಪೂಜೆ ಆಮೇಲೆ ಮಾಡು, ಮಾತ್ರೆ ಮೊದ್ಲು ನುಂಗು ಅಂತಾರೆ. ನನ್ನ ನೇಮ ಮುರೀತದೆ.”

“ಹೇಳದಿದ್ರೆ ಮತ್ತೂ ದೊಡ್ಡ ಮಾತ್ರೆ ಬರೀತಾರೆ. ಶ್ರಾವಣಕ್ಕೆ ಇನ್ನು ಹನ್ನೆರಡು ದಿನ. ದನಿ ಹೀಗೇ ಇದ್ರೆ ನೀ ಎಂತಾ ಓದ್ತೀ?”

“ಆದಷ್ಟು ಓದ್ತೆ.”

“ಹೋದ ಶ್ರಾವಣದಲ್ಲೇ ಮೂರನೇ ಸಾಲು ಕಡೀತು. ನಾ ಕೇಳ್ದೆ.”

ಅವಳ ಕೈ ಕುತ್ತಿಗೆಗೆ ಹೋಯಿತು. ಗಂಟು ಅಲ್ಲೇ ಇತ್ತು, ಬೆಳೆದಿರಲಿಲ್ಲ. “ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ನಿಮ್ಮ ಹತ್ರ ಎಂತಾದ್ರೂ ಬೇಡಿದ್ನೇ ನಾನು? ಇದೊಂದು ಮಾತು ನಡೆಸಿಕೊಡಿ.”

ಬೇಡಿರಲಿಲ್ಲ, ನಿಜ. ಬೇಡಿದ್ದರೆ ಅವನು ಇಲ್ಲವೆನ್ನುತ್ತಲೂ ಇರಲಿಲ್ಲ. ಒಳಗಿನಿಂದ ನರ್ಸು ವೈಜಯಂತಿಯ ಹೆಸರು ಕೂಗಿದಳು. ಮಂಗೇಶ ಎದ್ದು ನಿಂತ. ಅಂಗಿಯ ಕಿಸೆಯಲ್ಲಿ ಅವನು ಮನೆಯಿಂದ ತಂದಿದ್ದ ಮಾತ್ರೆಯ ಶೀಶೆ ಸದ್ದು ಮಾಡಿತು. ಎಂದೋ ಮುಗಿದಿರಬೇಕಾದ ಶೀಶೆ.

“ಇಲ್ಲ,” ಅಂದ. “ನಾ ಹೇಳೇ ಹೇಳ್ತೆ.”