ಗೋಡೆಯಾಚೆಯ ಮಿಠಾಯಿ

ಉಳಿದಿರುವ ನನ್ನ ನಾಲ್ಕು ಹಲ್ಲುಗಳ ಮೇಲಾಣೆ, ಇದು ನಡೆದದ್ದೇ. ಅಯೋವಾದ ನಮ್ಮೂರ ಚರ್ಚಿನಲ್ಲಿ ಎಮೆಟ್ ಸ್ಲೋಕಮ್‌ನ ಶವಪೆಟ್ಟಿಗೆಯನ್ನು ಐವರು ಹಿಡಿದು ನಿಂತಿದ್ದರು. ಆರನೆಯ ಹಿಡಿ ಖಾಲಿ. ಅದನ್ನು ಹಿಡಿಯಬೇಕಾಗಿದ್ದವನ ಸೊಂಟ ಬೆಳಿಗ್ಗೆಯೇ ಉಳುಕಿತ್ತು. ಎಮೆಟ್‌ನ ಹೆಂಡತಿ ಓಪಲ್ ನೆಟ್ಟಗೆ ಪಕ್ಕದ ಮನೆಯ ವರ್ಜಿಲ್ ಹ್ಯಾಸ್ಕೆಟ್‌ನ ಬಳಿಗೆ ಹೋದಳು.

“ಬಾ ವರ್ಜಿಲ್, ಒಂದು ಕೈ ಹಾಕು.”

“ಹನ್ನೊಂದು ಚಳಿಗಾಲ ನಿನ್ನ ಗಂಡನ ಹಿಮ ಹೊತ್ತಿದ್ದೀನಿ. ಈಗ ಅವನನ್ನೂ ಹೊರ್ಬೇಕಾ?”

ಸುಳ್ಳಲ್ಲ. ಎಮೆಟ್ ತನ್ನಂಗಳದ ಹಿಮವನ್ನು ಬೇಲಿಯಾಚೆ ಎಸೆಯುತ್ತಿದ್ದ, ಇವನು ವಾಪಸು ಎಸೆಯುತ್ತಿದ್ದ. ಊರಲ್ಲೆಲ್ಲ ಹೂ ಬಿಟ್ಟರೂ ಆ ಗುಡ್ಡೆಗೆ ಕರಗಲು ಪುರುಸೊತ್ತಿರಲಿಲ್ಲ. ಇಬ್ಬರಿಗೂ ಮಾತು ನಿಂತೇ ಹೋಗಿತ್ತು.

“ಸತ್ತವನ ಮೇಲೂ ಹಟಾನಾ?”

“ನಾನೇನು ಕಲ್ಲಲ್ಲ, ಓಪಲ್. ಕಾಲೇಜಿನ ಪ್ರಯೋಗದಲ್ಲಿ ಗೋಡೆಯಾಚೆ ಕೂತಿದ್ನಲ್ಲ ಒಬ್ಬ, ನಿನ್ನ ಗಂಡ ಅಂಥವನಾಗಿದ್ರೆ ನಾನೊಬ್ಬನೇ ಹೊತ್ಕೊಂಡು ಹೋಗ್ತಿದ್ದೆ.”

ಹಿಂದಿನ ಬೆಂಚಿನಲ್ಲಿದ್ದ ಲೊರೆಟ್ಟಾ ತಲೆ ತಗ್ಗಿಸಿದಳು. ಆ ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದವಳು ಅವಳೇ.

*

ಒಂಬತ್ತು ವರ್ಷಗಳ ಹಿಂದಿನ ಮಾತು. ಗೋಡೆಯ ಆಚೆಗೊಬ್ಬ, ಈಚೆಗೊಬ್ಬ. ಇಬ್ಬರ ಮುಂದೆಯೂ ಒಂದೊಂದು ಗುಂಡಿ, ಒಂದೊಂದು ಬಟ್ಟಲು. ನೀವು ಗುಂಡಿ ಒತ್ತಿದರೆ ಮಿಠಾಯಿ ಬೀಳುವುದು ಆಚೆಯವನ ಬಟ್ಟಲಿಗೆ; ಅವನು ಒತ್ತಿದರೆ ನಿಮ್ಮದಕ್ಕೆ. ಆಚೆ ಯಾರೆಂದು ಯಾರಿಗೂ ಹೇಳಕೂಡದೆಂದು ಲೊರೆಟ್ಟಾ ಸಹಿ ಹಾಕಿದ್ದಳು. ಬಾಗಿಲು ಬೇರೆ, ಬರುವ ಹೊತ್ತೂ ಬೇರೆ.

ಎಮೆಟ್ ಮತ್ತು ವರ್ಜಿಲ್‌ರಂಥ ಜೋಡಿಯನ್ನು ಆ ಕಾಲೇಜು ಕಂಡಿರಲಿಲ್ಲ. ಬಟ್ಟಲು ತುಂಬಿ ಮಿಠಾಯಿ ನೆಲಕ್ಕೆ ಸುರಿಯುತ್ತಿತ್ತು. ಕೊನೆಯ ದಿನ ಪ್ರೊಫೆಸರರು ವರ್ಜಿಲ್‌ನ ಗುಂಡಿಯ ತಂತಿ ಕಳಚಿಸಿದರು. ಏನೂ ಸಿಗದಿದ್ದರೆ ಎಮೆಟ್ ಎಷ್ಟು ಹೊತ್ತು ಕೊಟ್ಟಾನು ಎಂದು ನೋಡಬೇಕಿತ್ತು. ಬೇರೆಯವರು ಮೂರು ನಿಮಿಷಕ್ಕೆ ಕೈಬಿಟ್ಟಿದ್ದರು. ಎಮೆಟ್ ಖಾಲಿ ಬಟ್ಟಲನ್ನು ನೋಡುತ್ತ ಒಂದು ಗಂಟೆ ಒತ್ತಿದ.

“ಯಾಕೆ ನಿಲ್ಲಿಸ್ಲಿಲ್ಲ?” ಎಂದಳು ಲೊರೆಟ್ಟಾ.

“ಪಾಪ, ಆಚೆಯವನ ಕೈ ನೋಯ್ತಿರ್ಬೇಕು. ಯಾರಮ್ಮಾ ಅವನು? ಒಂದು ಕಾಫಿ ಕುಡಿಸ್ತೀನಿ.”

“ಹೇಳೋ ಹಾಗಿಲ್ಲ, ಸ್ಲೋಕಮ್ ಅವರೇ.”

*

ಲೊರೆಟ್ಟಾ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಹ್ಯಾಸ್ಕೆಟ್ ಅವರೇ, ಗೋಡೆಯಾಚೆ ಇದ್ದಿದ್ದು ಇವರು.”

ವರ್ಜಿಲ್ ನಕ್ಕ. ಬೇರೆ ಯಾರೂ ನಗಲಿಲ್ಲ.

“ಅವನಿಗೆ ಗೊತ್ತಿತ್ತಾ?”

“ಇಲ್ಲ. ಕೇಳಿದ್ರು. ಅವತ್ತೇ ಹೇಳಬೇಕಿತ್ತು ನಾನು. ಸಹಿ ಉಳಿಸ್ಕೊಂಡೆ, ಏನು ಬಂತು?”

“ಕೊನೇ ದಿನ ನಾನೂ ಒತ್ತುತ್ತಲೇ ಇದ್ದೆ.” ವರ್ಜಿಲ್‌ನ ದನಿ ಸಣ್ಣದಾಯಿತು. “ನಂದು ಅವನಿಗೆ ತಲುಪ್ತಿತ್ತು ತಾನೇ?”

ಲೊರೆಟ್ಟಾ ತಲೆಯಾಡಿಸಿದಳು, ಇಲ್ಲ ಎಂದು.

ವರ್ಜಿಲ್ ಟೋಪಿ ತೆಗೆದು ಓಪಲ್‌ಳ ಕೈಗೆ ಕೊಟ್ಟು ಆರನೆಯ ಹಿಡಿಗೆ ಕೈ ಹಾಕಿದ. ಸ್ಮಶಾನ ಮುಟ್ಟಿದ ಮೇಲೆ ಐವರೂ ಕೈ ತೆಗೆದರು. ಇವನ ಬೆರಳುಗಳು ಬಿಡಲೇ ಇಲ್ಲ. ಓಪಲ್ ಪಕ್ಕದಲ್ಲಿ ಕೂತು ಒಂದೊಂದನ್ನೇ ಬಿಡಿಸಿದಳು.

ಸರಿ, ಹೇಳಿ ಹೇಳಿ ಬಾಯಿ ಕಹಿಯಾಯಿತು. ಹೋಗಿ, ನಿಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿ ಒಂದು ಬಟ್ಟಲು ಸಕ್ಕರೆ ಇಸಿದುಕೊಂಡು ಬನ್ನಿ. ನಿಮ್ಮ ಮನೆಯದು ನನಗೆ ಬೇಡ.